ವಿಲ್ಲಿ ನೆಟ್ಟಗೆ ಮಾಡಿದ ರೇಜರು

ವಿಲ್ಲಿಗೂ ಅವನ ಗಡ್ಡಕ್ಕೂ ಹಗೆ ಹುಟ್ಟಿದ್ದು ಕುಲಶೇಖರದ ಚರ್ಚಿನ ಮೈದಾನಕ್ಕೆ ಕರೆಂಟು ಬಂದ ವರ್ಷ. ಅಲ್ಲಿಯವರೆಗೆ ಸಾಂತ್‌ಮಾರಿ ಹಬ್ಬದ ಕೊಂಕಣಿ ನಾಟಕ ಗ್ಯಾಸ್‌ಲೈಟಿನ ಬೆಳಕಿನಲ್ಲಿ ನಡೆಯುತ್ತಿತ್ತು. ಗ್ಯಾಸ್‌ಲೈಟು ಬಹಳ ಮರ್ಯಾದಸ್ಥ ದೀಪ. ಹೆಣ್ಣು ವೇಷ ಹಾಕಿದವನ ಸೀರೆ, ಓಲೆ, ಕಣ್ಣೀರು ಇಷ್ಟನ್ನು ಜನರಿಗೆ ತೋರಿಸಿ ಉಳಿದದ್ದನ್ನು ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ಕರೆಂಟಿನ ಬಲ್ಬಿಗೆ ಅಂಥ ದಾಕ್ಷಿಣ್ಯ ಎಲ್ಲಿಂದ ಬರಬೇಕು? ಮೊದಲ ವರ್ಷವೇ ಅದು ವಿಲ್ಲಿಯ ಕೆನ್ನೆಯ ಬಣ್ಣದಡಿಯಿಂದ ಹಸಿರಾಗಿ ಎದ್ದು ಬಂದ ಗಡ್ಡದ ನೆರಳನ್ನು ಕೊನೆಯ ಬೆಂಚಿನವರಿಗೂ ತೋರಿಸಿಬಿಟ್ಟಿತು. ನಾಯಕಿ ಗಂಡನ ಶವದ ಮೇಲೆ ಬಿದ್ದು ಅಳುತ್ತಿದ್ದಾಗ ಹಿಂದಿನಿಂದ ಯಾರೋ, ಬಾಯಮ್ಮ ಮೊದಲು ಕ್ಷೌರ ಮಾಡಿಸಿಕೊಂಡು ಬರಲಿ, ಹೆಣ ಎಲ್ಲಿಗೂ ಓಡುವುದಿಲ್ಲ ಎಂದು ಕೂಗಿದರು. ಇಡೀ ಮೈದಾನ ನಕ್ಕಿತು. ಸತ್ತು ಮಲಗಿದ್ದ ಗಂಡನ ಹೊಟ್ಟೆಯೂ ಕುಲುಕಿದ್ದನ್ನು ವಿಲ್ಲಿ ತನ್ನ ಕೆನ್ನೆಯಿಂದಲೇ ಅನುಭವಿಸಿದ.

ಹೆಂಗಸರು ಸ್ಟೇಜು ಹತ್ತುವ ಕಾಲ ಇನ್ನೂ ಬಂದಿರಲಿಲ್ಲ. ಹತ್ತು ವರ್ಷದಿಂದ ಆ ಊರಿನ ನಾಯಕಿ ಎಂದರೆ ವಿಲ್ಲಿಯೇ. ಉಳಿದ ದಿನಗಳಲ್ಲಿ ಅವನು ಹಂಚಿನ ಕಾರ್ಖಾನೆಯಲ್ಲಿ ಹಂಚು ಆರಿಸುವವನು. ಭಟ್ಟಿಯಿಂದ ಇಳಿದ ಹಂಚನ್ನು ಎತ್ತಿ, ಬೆರಳ ಗೆಣ್ಣಿನಿಂದ ಬಡಿದು ಸದ್ದು ಕೇಳಿ, ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ನೋಡುವುದು. ನೆಟ್ಟಗಿದ್ದರೆ ಬಲಕ್ಕೆ, ಓರೆಯಿದ್ದರೆ ಎಡಕ್ಕೆ. ಎಡಗಡೆಯ ರಾಶಿ ದನದ ಕೊಟ್ಟಿಗೆಗೋ ಕಕ್ಕಸಿನ ಮಾಡಿಗೋ ಹೋಗುತ್ತಿತ್ತು. ನೂಲೆಳೆಯಷ್ಟು ಓರೆಯಿದ್ದ ಹಂಚೂ ವಿಲ್ಲಿಯ ಕಣ್ಣು ತಪ್ಪಿಸಿ ಬಲಕ್ಕೆ ಹೋದದ್ದಿಲ್ಲ ಎಂದು ಕಾರ್ಖಾನೆಯಲ್ಲಿ ಮಾತಿತ್ತು. ಆ ಮಾತನ್ನು ಎಲ್ಲರಿಗಿಂತ ಹೆಚ್ಚು ಸಲ ಆಡುತ್ತಿದ್ದವನು ವಿಲ್ಲಿ.

ಆದರೆ ಹಂಚು ಆರಿಸುವವನನ್ನು ನೋಡಿ ಯಾರೂ ಕಣ್ಣೀರು ಹಾಕುವುದಿಲ್ಲ. ವರ್ಷಕ್ಕೊಂದು ಸಂಜೆ, ಹೆಂಡತಿ ಕ್ರಿಸ್ಟಿನಳ ಸೀರೆ ಉಟ್ಟು, ಬೆಂಚುಗಳ ಕಡೆಯಿಂದ ಹೆಂಗಸರು ಮೂಗು ಒರೆಸಿಕೊಳ್ಳುವ ಸದ್ದು ಕೇಳಿದಾಗ ಮಾತ್ರ ಅವನಿಗೆ ತಾನೂ ಒಬ್ಬ ಮನುಷ್ಯ ಎನಿಸುತ್ತಿತ್ತು. ಆ ಒಂದು ಸಂಜೆಯನ್ನು ಕಿತ್ತುಕೊಂಡರೆ ತನ್ನಲ್ಲಿ ಉಳಿಯುವುದು ಕೆಂಪು ಧೂಳು ಮಾತ್ರ ಎಂದು ಅವನಿಗೆ ಗೊತ್ತಿತ್ತು.

ಈಗ ಕಿತ್ತುಕೊಳ್ಳುವ ಮಾತೇ ಬಂದಿತ್ತು. ನಾಟಕ ಬರೆದು ಆಡಿಸುತ್ತಿದ್ದವರು ಪ್ರೈಮರಿ ಶಾಲೆಯ ಅಲ್ಫೋನ್ಸ್ ಮಾಸ್ಟ್ರು. ಈ ವರ್ಷದ ಕಥೆ ಅತ್ತೆಯ ಕಾಟಕ್ಕೆ ಸೊರಗಿ ಸಾಯುವ ಸೊಸೆಯದು. ಸೊಸೆ ಮೂವತ್ತೇಳರ ವಿಲ್ಲಿ, ಮುದಿ ಅತ್ತೆ ಇಪ್ಪತ್ತರ ಹ್ಯೂಬರ್ಟ್. ಕಾಲೇಜಿಗೆ ಹೋಗುವ ಹುಡುಗ, ಕೆನ್ನೆ ನೋಡಿದರೆ ಆಗಷ್ಟೇ ಸಿಪ್ಪೆ ಸುಲಿದ ಎಳನೀರಿನ ಬೊಂಡ. ಮಾಸ್ಟ್ರು ಒಂದು ದಿನ ಪ್ರಾಕ್ಟೀಸು ಮುಗಿದ ಮೇಲೆ ವಿಲ್ಲಿಯನ್ನು ಬದಿಗೆ ಕರೆದರು.

"ಕೋಪ ಮಾಡ್ಬೇಡ ವಿಲ್ಲಿ. ಈ ಸಲ ಬಲ್ಬು ಇನ್ನೂ ಹೆಚ್ಚು ಉಂಟು. ಬರುವ ವಾರ ಶನಿವಾರ ಬಣ್ಣ ಹಾಕಿ ನೋಡುವ. ಗಡ್ಡ ಕಂಡ್ರೆ ನಾನು ಹ್ಯೂಬರ್ಟನನ್ನು ಸೊಸೆ ಮಾಡ್ತೇನೆ."

ಹ್ಯೂಬರ್ಟನಿಗೆ ಸೊಸೆಯ ಮಾತುಗಳೆಲ್ಲ ಬಾಯಿಪಾಠವಂತೆ. ಎದುರಿಗೆ ನಿಂತು ದಿನಾ ಕೇಳುವವನಿಗೆ ಬಾರದೆ ಇರುತ್ತದೆಯೇ? ನಡಿಗೆ ಮಾತ್ರ ಕೊಕ್ಕರೆಯದು ಎಂದು ವಿಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ತನ್ನಷ್ಟಕ್ಕೆ ಗೊಣಗಿದ. ಕೊಕ್ಕರೆಯಾದರೂ ಕೆನ್ನೆ ನುಣ್ಣಗಿದೆಯಲ್ಲ ಎನ್ನುವುದು ಅವನ ಹೊಟ್ಟೆಯೊಳಗೆ ಉರಿಯುತ್ತಿತ್ತು.

ಗಡ್ಡವನ್ನು ಬುಡದಿಂದ ತೆಗೆಯಬೇಕಾದರೆ ಕೂದಲಿನ ಎದುರು ದಿಕ್ಕಿಗೆ ಕತ್ತಿ ಹೋಗಬೇಕು. ಸೆಲೂನಿನವನು ಅದಕ್ಕೆ ಸುತರಾಂ ಒಪ್ಪುತ್ತಿರಲಿಲ್ಲ. ಎದುರು ಕತ್ತಿ ಹಾಕಿದರೆ ಚರ್ಮ ಉರಿ ಏಳುತ್ತದೆ, ಆಮೇಲೆ ಬೈಸಿಕೊಳ್ಳುವವನು ನಾನು ಎನ್ನುತ್ತಿದ್ದ. ಮನೆಯಲ್ಲಿದ್ದದ್ದು ಅಪ್ಪನ ಕಾಲದ ರೇಜರು. ಅದು ಹಲ್ಲು ಬಿದ್ದ ದನದ ಹಾಗೆ ಮೇಲಿನ ಹುಲ್ಲು ಮೇಯ್ದು ಬುಡ ಬಿಡುತ್ತಿತ್ತು. ಎಷ್ಟು ಒತ್ತಿ ಎಳೆದರೂ ಬೆಳಿಗ್ಗೆ ಹೆರೆದದ್ದು ಮಧ್ಯಾಹ್ನದ ಗಂಜಿಯ ಹೊತ್ತಿಗೆ ಮರಳಿ ಹಾಜರು.

ಅಂಥ ಸಂಕಟದ ಹೊತ್ತಿನಲ್ಲಿ ಜೆರೋಮ್ ಬಂದ. ಅವನು ಕ್ರಿಸ್ಟಿನಳ ತಮ್ಮ, ಬಹರೈನಿನಲ್ಲಿ ಕೆಲಸ. ರಜೆಗೆ ಬಂದು ಮಣ್ಣಗುಡ್ಡದಲ್ಲಿ ತಾಯಿಯ ಮನೆಯಲ್ಲಿದ್ದ. ಭಾನುವಾರ ಪೂಜೆ ಮುಗಿಸಿ ಅಕ್ಕನ ಮನೆಗೆ ಊಟಕ್ಕೆ ಬಂದವನು ಅಕ್ಕನಿಗೆ ಬಟ್ಟೆ, ಅವಳ ಮಗಳು ಡಾಲಿಗೆ ಗೊಂಬೆ ಕೊಟ್ಟು, ಭಾವನ ಕೈಗೆ ಅಂಗೈಯಗಲದ ಒಂದು ಡಬ್ಬಿ ಇಟ್ಟ. ಒಳಗೆ ಕೆಂಪು ಮಖಮಲ್ಲಿನ ಮೇಲೆ ಒಂದು ರೇಜರು ಮಲಗಿತ್ತು. ಬೆಳ್ಳಿಯ ಹಾಗೆ ಹೊಳೆಯುವ ಹಿಡಿ, ಕೈಗೆತ್ತಿಕೊಂಡರೆ ಒಳ್ಳೆಯ ತೂಕ.

"ಜರ್ಮನಿದು, ಭಾವ. ಭಾರೀ ಹರಿತ ಉಂಟು ಇದು. ಒತ್ಲಿಕ್ಕೇ ಇಲ್ಲ. ಅದರ ಭಾರಕ್ಕೆ ಅದನ್ನು ಬಿಡ್ಬೇಕು" ಎಂದ ಜೆರೋಮ್.

ವಿಲ್ಲಿಯ ಕಿವಿ ಅತ್ತ ಇರಲಿಲ್ಲ. ಅವನ ಒಂದು ಕಣ್ಣು ಆಗಲೇ ಮುಚ್ಚಿಕೊಂಡಿತ್ತು. ರೇಜರಿನ ತಲೆ ಓರೆಯಾಗಿತ್ತು. ಅದೂ ನೂಲೆಳೆಯಷ್ಟಲ್ಲ, ಒಂದು ಮೂಲೆ ಎದ್ದು, ಎದುರಿನ ಮೂಲೆ ಇಳಿದು, ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿತ್ತು. ಹಂಚಾಗಿದ್ದರೆ ಬಡಿದು ನೋಡುವ ಗೋಜಿಗೂ ಹೋಗದೆ ಎಡಕ್ಕೆ ಎಸೆಯುತ್ತಿದ್ದ. ಪಾಪ, ಹಡಗಿನಲ್ಲಿ ಟ್ರಂಕಿನಡಿ ಸಿಕ್ಕಿ ಬಗ್ಗಿರಬೇಕು ಎಂದುಕೊಂಡ. ಬಾಯಿ ಬಿಟ್ಟು ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆಂಡತಿಯ ತಮ್ಮ ಸಮುದ್ರ ದಾಟಿ ತಂದ ಉಡುಗೊರೆಯಲ್ಲಿ ಊನ ಎತ್ತಿ ಆಡುವುದು ಆ ಮನೆಗಳಲ್ಲಿ ನಡೆಯುವ ಮಾತಲ್ಲ. ಹಾಗೆ ಆಡಿದರೆ ತವರಿನ ಕಡೆಗೆ ಕಲ್ಲೆಸೆದ ಹಾಗೆ. ವಿಲ್ಲಿ ಭಾರೀ ಒಳ್ಳೆಯದುಂಟು ಎಂದು ಹೇಳಿ ಡಬ್ಬಿ ಮುಚ್ಚಿದ.

ಸೋಮವಾರ ಬೆಳಿಗ್ಗೆ ಹಿಂದಿನ ಜಗಲಿಯ ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ, ಕ್ರಿಸ್ಟಿನ ಕೊಟ್ಟ ಬಿಸಿನೀರಿನಲ್ಲಿ ಬ್ರಷ್ಷು ಅದ್ದಿ, ಮುಖದ ತುಂಬ ನೊರೆ ಎಬ್ಬಿಸಿ ಹೊಸ ರೇಜರನ್ನು ಎಡಗೆನ್ನೆಗೆ ಇಟ್ಟ. ಹೊಸದಲ್ಲವೇ, ಮೊದಲು ಹೆದರಿ ಹೆದರಿ ಇಳಿಸಿದ. ಸರ್ರೆಂದು ಸದ್ದಾಯಿತು. ನೊರೆ ಹೋದ ಜಾಗವನ್ನು ಬೆರಳಿಂದ ಮುಟ್ಟಿ ನೋಡಿದರೆ ಗಡ್ಡ ಎನ್ನುವುದೊಂದು ಅಲ್ಲಿ ಇತ್ತು ಎಂದೇ ಹೇಳುವ ಹಾಗಿರಲಿಲ್ಲ. ಎದುರು ದಿಕ್ಕಿಗೂ ಒಮ್ಮೆ ಎಳೆದ. ಕೆನ್ನೆ ಡಾಲಿಯ ಕೆನ್ನೆಯಾಯಿತು. ವಿಲ್ಲಿಗೆ ಸಂತೋಷವಾಯಿತು. ಸಂತೋಷವಾದ ಕೂಡಲೇ ಹೆದರಿಕೆ ಹೋಯಿತು, ಹೆದರಿಕೆ ಹೋದ ಕೂಡಲೇ ಹಳೆಯ ಕೈ ಮರಳಿತು. ಇಪ್ಪತ್ತು ವರ್ಷ ಮುದಿ ರೇಜರನ್ನು ಒತ್ತಿ ಒತ್ತಿ ಎಳೆದ ಕೈ ಅದು. ಬಲಗೆನ್ನೆಗೆ ಬಂದಾಗ ಅದೇ ಕೈ ಅದೇ ಹಾಗೆ ಒತ್ತಿತು.

ಬಲದವಡೆಯಲ್ಲಿ ಒಂದು, ಗಂಟಲ ಗಂಟಿನ ಮೇಲೆ ಒಂದು, ಮೇಲ್ದುಟಿಯ ಮೂಲೆಯಲ್ಲಿ ಒಂದು. ನೊರೆ ಕೆಂಪಾಯಿತು. ಪಟಿಕದ ಕಲ್ಲು ಒತ್ತಿಕೊಂಡಾಗ ಉರಿಗೆ ಕಣ್ಣಲ್ಲಿ ನೀರು ಬಂತು. ರಕ್ತ ನಿಲ್ಲದೆ ಕಾಗದದ ಚೂರು ಅಂಟಿಸಿಕೊಂಡೇ ಕಾರ್ಖಾನೆಗೆ ಹೋದ. ಸಂಜೆ ಮನೆಗೆ ಬಂದು ಕನ್ನಡಿ ನೋಡಿದರೆ ಎಡಗೆನ್ನೆ ಇನ್ನೂ ನುಣ್ಣಗೇ ಇತ್ತು, ಹಸಿರಿನ ಸುಳಿವಿಲ್ಲ. ಬಲಗೆನ್ನೆ ಮಾತ್ರ ಕೋಳಿ ಕೆದರಿದ ಅಂಗಳ.

ಜೆರೋಮ್ ಹೇಳಿದ ಮಾತು ಆಗಲಾದರೂ ನೆನಪಾಗಬೇಕಿತ್ತು. ಆದರೆ ವಿಲ್ಲಿಯ ಬುದ್ಧಿ ಹೋದದ್ದು ಅವನ ಕಸುಬಿನ ದಾರಿಯಲ್ಲಿ. ಎಡಕ್ಕೆ ಚೆನ್ನಾಗಿ ಬಂತು, ಬಲಕ್ಕೆ ಕೊಯ್ಯಿತು. ಅಂದಮೇಲೆ ತಪ್ಪು ತನ್ನ ಕೈಯದಲ್ಲ, ಎದ್ದು ನಿಂತ ಆ ಮೂಲೆಯದು. ಬ್ಲೇಡು ಒಳ್ಳೆಯದು, ಹಿಡಿ ಒಳ್ಳೆಯದು, ಓರೆಯೊಂದನ್ನು ತೆಗೆದರೆ ಇಡೀ ಮುಖ ಎಡಗೆನ್ನೆಯ ಹಾಗೆ ಆಗುತ್ತದೆ. ಲೆಕ್ಕ ಅಷ್ಟು ಚೊಕ್ಕವಾಗಿತ್ತು. ಈ ಲೋಕದಲ್ಲಿ ಮನುಷ್ಯನನ್ನು ಹಳ್ಳಕ್ಕೆ ಹಾಕುವುದು ಇಂಥ ಚೊಕ್ಕ ಲೆಕ್ಕಗಳೇ.

ಮರುದಿನ ರೇಜರು ಕಾರ್ಖಾನೆಗೆ ಹೋಯಿತು. ಹಂಚು ಆರಿಸುವ ಶೆಡ್ಡಿನಲ್ಲಿ ಅದು ಕೈಯಿಂದ ಕೈಗೆ ದಾಟಿತು. ಪ್ರತಿಯೊಬ್ಬನೂ ಒಂದು ಕಣ್ಣು ಮುಚ್ಚಿ ನೋಡಿ, ಓರೆಯೇ ಓರೆ ಎಂದು ತೀರ್ಪು ಕೊಟ್ಟ. ಬದುಕಿಡೀ ಓರೆ ಹಂಚು ಎಸೆದ ಜನ. ಅವರಲ್ಲಿ ಒಬ್ಬನಿಗೂ, ಓರೆ ಎನ್ನುವುದನ್ನು ಯಾರಾದರೂ ಬೇಕೆಂದೇ ಮಾಡಿರಬಹುದು ಎಂದು ಹೊಳೆಯಲಿಲ್ಲ. ಫಿಟ್ಟರ್ ದುಗ್ಗಪ್ಪನಂತೂ, ಇಷ್ಟು ಓರೆಯಾದದ್ದನ್ನು ಮುಖಕ್ಕೆ ಇಟ್ಟದ್ದೇ ತಪ್ಪು ಎಂದು ವಿಲ್ಲಿಗೇ ಬುದ್ಧಿ ಹೇಳಿದ. ತಲೆಯ ಎರಡು ಭಾಗಗಳನ್ನೂ ಬಿಚ್ಚಿ, ಬಟ್ಟೆ ಸುತ್ತಿ, ಮೇಜಿನ ಮೇಲಿನ ಕಬ್ಬಿಣದ ವೈಸಿನ ದವಡೆಗೆ ಕಚ್ಚಿಸಿ, ಮರದ ಕೊಡತಿಯಿಂದ ನಾಜೂಕಾಗಿ ತಟ್ಟಿದ. ಆಮೇಲೆ ಒಂದು ಒಂದನೇ ನಂಬರಿನ ಹಂಚಿನ ಬೆನ್ನ ಮೇಲೆ ಅದನ್ನು ಇಟ್ಟು ಒಂದು ಮೂಲೆಯನ್ನು ಬೆರಳಿಂದ ಒತ್ತಿ ನೋಡಿದರು. ಅಲುಗಲಿಲ್ಲ. ವಿಲ್ಲಿ ಕಣ್ಣು ಮುಚ್ಚಿ ನೋಡಿದ. ಅದರಷ್ಟು ನೆಟ್ಟಗಿನ ವಸ್ತು ಇಡೀ ಕಾರ್ಖಾನೆಯಲ್ಲಿ ಇರಲಿಲ್ಲ.

ಗಾಯ ಮಾಯಲಿ ಎಂದು ಶನಿವಾರದವರೆಗೆ ಅವನು ಮುಖ ಮುಟ್ಟಲಿಲ್ಲ. ಸಂಜೆ ಸಂಜೆ ಮಾತ್ರ ಮನೆಯಲ್ಲಿ ಮಾತು ಒಪ್ಪಿಸಿಕೊಳ್ಳುತ್ತಿದ್ದ. ಪ್ರತಿ ವರ್ಷವೂ ಎದುರು ಪಾತ್ರದ ಮಾತು ಹೇಳುತ್ತಿದ್ದವಳು ಕ್ರಿಸ್ಟಿನ. ಈ ಸಲ ಅವಳ ಪಾಲಿಗೆ ಅತ್ತೆ. ಒಲೆಯೆದುರು ನಿಂತು ತೆಂಗಿನಕಾಯಿ ಅರೆದ ಕೈಯಲ್ಲೇ ಅವಳು, ಅಕ್ಕಿಯ ಡಬ್ಬದ ಬೀಗದ ಕೈ ನನ್ನ ಸೊಂಟದಲ್ಲಿದೆ, ಅದು ನನ್ನ ಹೆಣದ ಸೊಂಟದಿಂದಲೇ ನಿನಗೆ ಸಿಗಬೇಕು ಎಂಬಂಥ ಮಾತುಗಳನ್ನು ಹೇಳುತ್ತಿದ್ದಳು. ಒಮ್ಮೆ ಓದಿದ ಮೇಲೆ ಅವಳಿಗೆ ಪುಸ್ತಕವೇ ಬೇಕಾಗಲಿಲ್ಲ. ವಿಲ್ಲಿ ತನ್ನ ಅಳುವಿನಲ್ಲಿ ಮುಳುಗಿದ್ದ, ಅದನ್ನು ಗಮನಿಸಲಿಲ್ಲ. ಅವನ ತಾಯಿ ಉರ್ಸುಲಾ ಬಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ತಾಯಿ ಇದ್ದಷ್ಟು ಕಾಲವೂ, ಹೆಂಗಸರ ವಿಷಯದಲ್ಲಿ ನನಗೆ ಕಣ್ಣೂ ಇಲ್ಲ ಕಿವಿಯೂ ಇಲ್ಲ ಎಂದು ಹೇಳಿಕೊಂಡು ಅವನು ಮನೆಯ ಶಾಂತಿ ಕಾಪಾಡಿದ್ದ. ಹಾಗೆಂದು ಅವನ ಎಣಿಕೆ.

ಶನಿವಾರ ಮಧ್ಯಾಹ್ನ ಕಾರ್ಖಾನೆಯಿಂದ ಬೇಗ ಬಂದು ಜಗಲಿಯಲ್ಲಿ ಕನ್ನಡಿ ಸಿಕ್ಕಿಸಿದ. ಹೊಸ ಬ್ಲೇಡು ಹಾಕಿ ಹಿಡಿ ತಿರುಗಿಸಿದಾಗಲೇ ಏನೋ ಸರಿಯಿಲ್ಲ ಎನಿಸಿತು. ಮೊದಲು ಬಿಗಿಯಾಗಿ ಕಚ್ಚಿ ಕೂರುತ್ತಿದ್ದ ಬ್ಲೇಡು ಈಗ ಎಷ್ಟು ತಿರುಗಿಸಿದರೂ ಸ್ವಲ್ಪ ಸಡಿಲವೇ. ನೆಟ್ಟಗಿದೆಯಲ್ಲ, ಅಷ್ಟು ಸಾಕು ಎಂದು ಎಡಗೆನ್ನೆಗೆ ಇಟ್ಟು ಎಳೆದ.

ರೇಜರು ಜಾರಲಿಲ್ಲ. ಕಲ್ಲಿನ ರಸ್ತೆಯ ಮೇಲೆ ಎತ್ತಿನ ಗಾಡಿ ಹೋದ ಹಾಗೆ ಗಡಗಡ ನಡುಗುತ್ತ ಹೋಯಿತು. ಒಂದು ಕಡೆ ಕೂದಲನ್ನು ಮುಟ್ಟಲಿಲ್ಲ, ಇನ್ನೊಂದು ಕಡೆ ಕೂದಲಿನ ಜೊತೆ ಚರ್ಮವನ್ನೂ ತೆಗೆದುಕೊಂಡು ಹೋಯಿತು. ವಿಲ್ಲಿಗೆ ಸಿಟ್ಟು ಬಂತು. ಸಿಟ್ಟು ಬಂದವನ ಕೈಯಲ್ಲಿ ಬ್ಲೇಡು ಇರಬಾರದು. ಒಂದು ಕಡೆ ಉಳಿಯಿತೆಂದು ಮತ್ತೆ ಎಳೆದ, ರಕ್ತ ಬಂತು. ರಕ್ತ ಒರೆಸಿ ಎದುರು ದಿಕ್ಕಿಗೆ ಎಳೆದ, ಇನ್ನಷ್ಟು ಬಂತು. ಅರ್ಧಕ್ಕೆ ಬಿಡೋಣವೆಂದರೆ ಅರ್ಧ ಗಡ್ಡ ಇಟ್ಟುಕೊಂಡು ಸೊಸೆಯಾಗುವುದು ಹೇಗೆ? ನಿನ್ನ ಕುಲ ನಾಶವಾಗಲಿ ಎಂದು ರೇಜರಿಗೆ ಬೈದ, ಅದನ್ನು ಮಾಡಿದ ಜರ್ಮನಿಯವನಿಗೆ ಬೈದ, ಟ್ರಂಕಿನಲ್ಲಿ ಸರಿಯಾಗಿ ಇಡಲು ಬಾರದ ಜೆರೋಮನಿಗೆ ಬೈದ, ಹ್ಯೂಬರ್ಟನ ಕೆನ್ನೆಗೂ ಬೈದ. ಬೈಯಲು ಇನ್ನು ಯಾರೂ ಉಳಿಯದೆ ಹೋದಾಗ ಕೆಲಸವೂ ಮುಗಿದಿತ್ತು. ಕನ್ನಡಿಯಲ್ಲಿದ್ದವನನ್ನು ನೋಡಿ ಡಾಲಿ ಒಳಗೆ ಓಡಿದಳು. ಕ್ರಿಸ್ಟಿನ ಬಂದು ನೋಡಿ, ಪಟಿಕವನ್ನೂ ಹಳೆಯ ಬಟ್ಟೆಯನ್ನೂ ತಂದಿಟ್ಟಳು.

ಸಂಜೆ ಶಾಲೆಯ ಹಾಲಿನಲ್ಲಿ ಬಲ್ಬಿನ ಕೆಳಗೆ ಅಲ್ಫೋನ್ಸ್ ಮಾಸ್ಟ್ರು ಅವನ ಮುಖಕ್ಕೆ ಎಣ್ಣೆ ಹಚ್ಚಿ, ಬಿಳಿ ಬಣ್ಣ ಬಳಿದರು. ಎಣ್ಣೆ ತಾಗಿದ ಕೂಡಲೇ ಒಣಗಿದ್ದ ಗಾಯಗಳು ಬಾಯಿ ಬಿಟ್ಟವು. ಬಿಳಿಯ ಮೇಲೆ ಕೆಂಪು ಹನಿ ಮೂಡಿತು. ಅದರ ಮೇಲೆ ಇನ್ನಷ್ಟು ಬಿಳಿ ಬಳಿದರೆ ಅದೂ ಗುಲಾಬಿಯಾಯಿತು. ಮಾಸ್ಟ್ರು ಅವನ ಗಲ್ಲ ಹಿಡಿದು ಬೆಳಕಿಗೆ ಎತ್ತಿದರು, ಆ ಕಡೆ ಈ ಕಡೆ ತಿರುಗಿಸಿದರು, ಒಂದು ಕಣ್ಣು ಕಿರಿದು ಮಾಡಿ ನೋಡಿದರು. ಆ ನೋಟದ ಪರಿಚಯ ವಿಲ್ಲಿಗೆ ಚೆನ್ನಾಗಿಯೇ ಇತ್ತು. ಗಲ್ಲ ಬಿಟ್ಟ ಮೇಲೆ ತನ್ನನ್ನು ಯಾವ ರಾಶಿಗೆ ಹಾಕುತ್ತಾರೆ ಎಂದೂ ಗೊತ್ತಾಯಿತು.

ಹ್ಯೂಬರ್ಟ್ ಸೊಸೆ, ವಿಲ್ಲಿ ಅತ್ತೆ, ಇಬ್ಬರಿಗೂ ಇಬ್ಬರ ಮಾತೂ ಬರುತ್ತದೆ, ಮುದುಕಿಗೆ ಮುಖ ಹೇಗಿದ್ದರೂ ನಡೆಯುತ್ತದೆ ಎಂದರು ಮಾಸ್ಟ್ರು. ಹ್ಯೂಬರ್ಟ್ ಪಾಪ, ನಗಲಿಲ್ಲ. ವಿಲ್ಲಿ ಅಣ್ಣ ಬೇಸರ ಮಾಡ್ಕೊಳ್ಬೇಡಿ ಎಂದು ಕೈ ಮುಟ್ಟಿದ. ನಕ್ಕಿದ್ದರೆ ಎರಡು ಬಾರಿಸಿ ಸಮಾಧಾನವಾದರೂ ಆಗುತ್ತಿತ್ತು. ವಿಲ್ಲಿ ಮುಖದ ಬಣ್ಣವನ್ನೂ ಸರಿಯಾಗಿ ಒರೆಸದೆ ಮನೆಗೆ ಬಂದ.

ಮರುದಿನ ಜೆರೋಮ್ ಬಂದವನು ಭಾವನ ಮುಖ ನೋಡಿ ಬೆಚ್ಚಿದ. ಕಿಟಕಿಯ ಮೇಲಿದ್ದ ರೇಜರನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಭಾವ, ಇದರ ಓರೆ ಎಲ್ಲಿ ಹೋಯ್ತು?"

ಕಾರ್ಖಾನೆಯಲ್ಲಿ ತೆಗೆಸಿದೆ ಎಂದು ವಿಲ್ಲಿ ಹೇಳಿದ. ಹೇಳುವಾಗ ಅವನ ದನಿಯಲ್ಲಿ ಇನ್ನೂ ಸ್ವಲ್ಪ ಉಪಕಾರ ಮಾಡಿದವನ ಗತ್ತಿತ್ತು. ಜೆರೋಮ್ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

"ಅದು ಹಾಗೇ ಮಾಡಿದ್ದು ಮಾರಾಯ್ರೆ. ಓರೆ ಇದ್ದದ್ದಕ್ಕೇ ಅದು ಅಷ್ಟು ಹರಿತ. ಅಕ್ಕ ಮೀನು ಕೊಯ್ಯುವಾಗ ಕತ್ತಿಯ ಮೇಲೆ ನೇರ ಒತ್ತುತ್ತಾಳಾ? ಓರೆ ಎಳೆದು ಕೊಯ್ತಾಳೆ ಅಲ್ವಾ? ಇದೂ ಹಾಗೇ."

ಜೆರೋಮ್ ಹೋದ ಮೇಲೆ ವಿಲ್ಲಿ ರೇಜರನ್ನು ಬಾವಿಗೆ ಎಸೆಯಲು ಹೊರಟವನು, ಕುಡಿಯುವ ನೀರಿನ ಬಾವಿ ಎಂದು ನೆನಪಾಗಿ, ಡಬ್ಬಿಯಲ್ಲೇ ಇಟ್ಟು ಮುಚ್ಚಿದ. ಅವನ ಕಣ್ಣಿನ ಮೇಲೆ ಅವನಿಗಿದ್ದ ಭರವಸೆಯೂ ಆ ಡಬ್ಬಿಯೊಳಗೆ ಹೋಯಿತು. ಅತ್ತೆಯ ಪಾತ್ರ ಮಾಡುವುದಿಲ್ಲ, ನಾಟಕದ ದಿನ ಎಲ್ಲಿಗಾದರೂ ಹೋಗಿಬಿಡುತ್ತೇನೆ ಎಂದು ಎರಡು ದಿನ ಹಾರಾಡಿದ. ಹೋಗುವುದಾದರೂ ಎಲ್ಲಿಗೆ? ಹಬ್ಬಕ್ಕೆ ಎಲ್ಲರೂ ಊರಿಗೆ ಬರುವಾಗ ಊರು ಬಿಟ್ಟು ಹೋಗುವವನಿಗೆ ಸುರತ್ಕಲ್ಲಿನ ಅವನ ಚಿಕ್ಕಮ್ಮನೂ ಬಾಗಿಲು ತೆರೆಯಲಾರಳು. ಕೊನೆಗೆ ಒಪ್ಪಿಕೊಂಡು, ಎದುರಿನ ಸೊಸೆಯ ಮಾತು ನೀನು ಹೇಳು ಎಂದು ಕ್ರಿಸ್ಟಿನಳನ್ನು ಕರೆದ. ಅವಳು ಒಲೆಯ ಮೇಲೆ ಮೀನಿದೆ ಎಂದಳು. ಮರುದಿನ ಕರೆದಾಗಲೂ ಒಲೆಯ ಮೇಲೆ ಮೀನೇ ಇತ್ತು.

ನಾಟಕದ ಸಂಜೆ ಮೈದಾನ ತುಂಬಿತ್ತು. ಹ್ಯೂಬರ್ಟ್ ಉಟ್ಟದ್ದು ಕ್ರಿಸ್ಟಿನಳ ಮದುವೆಯ ಕೆಂಪು ಸೀರೆ. ವಿಲ್ಲಿಗೆಂದು ತೆಗೆದಿಟ್ಟದ್ದು, ಮಾಸ್ಟ್ರು ಕೇಳಿದಾಗ ಇಲ್ಲವೆನ್ನಲಾಗಲಿಲ್ಲ. ವಿಲ್ಲಿ ಉಟ್ಟದ್ದು ಒಂದು ಕಂದು ಬಣ್ಣದ ಹಳೆಯ ಸೀರೆ. ಪರದೆ ಎದ್ದು ಕೆಂಪು ಸೀರೆ ಬೆಳಕಿಗೆ ಬಂದ ಕೂಡಲೇ ಮೈದಾನ ಆಹಾ ಎಂದದ್ದು ವಿಲ್ಲಿಗೆ ಪರದೆಯ ಹಿಂದೆ ಕೇಳಿಸಿತು. ಹತ್ತು ವರ್ಷ ತನಗೆ ಬಂದಿದ್ದ ಆಹಾ ಅದು. ಬೆವರು ಬಣ್ಣದಡಿ ಇಳಿದು ಒಂದೊಂದು ಗಾಯಕ್ಕೂ ಉಪ್ಪು ಹಾಕುತ್ತಿತ್ತು. ಕೆರೆದುಕೊಳ್ಳುವ ಹಾಗಿಲ್ಲ, ಒರೆಸಿಕೊಳ್ಳುವ ಹಾಗಿಲ್ಲ. ಆ ಉರಿಯನ್ನೇ ಹೊತ್ತುಕೊಂಡು ಅವನು ಸ್ಟೇಜಿಗೆ ಹೋದ.

ಎರಡನೆಯ ಅಂಕದಲ್ಲಿ ಊಟದ ದೃಶ್ಯ. ಮಾಸ್ಟ್ರು ಬರೆದದ್ದು ಇಷ್ಟೆ: ಬಸುರಿ ಸೊಸೆ ಗಂಜಿಯ ಮುಂದೆ ಕುಳಿತಿರುತ್ತಾಳೆ, ಮಗ ಪಕ್ಕದಲ್ಲಿ ಊಟ ಮಾಡುತ್ತಿರುತ್ತಾನೆ, ಅತ್ತೆ ಬಂದು ನಾಲ್ಕು ಮಾತು ಬೈದು ಹೋಗುತ್ತಾಳೆ. ನಿಜವಾದ ಮೀನು ಇರಲಿ ಎಂದು ಕ್ರಿಸ್ಟಿನಳಿಂದಲೇ ಬಂಗುಡೆ ಸಾರು ಮಾಡಿಸಿದ್ದರು. ವಿಲ್ಲಿ ಬೈಯಲು ಬಾಯಿ ತೆರೆದ. ಎದುರಿಗೆ ಕೆಂಪು ಸೀರೆ, ನುಣುಪು ಕೆನ್ನೆ, ತಟ್ಟೆಯ ಅಂಚಿನಲ್ಲಿ ಒಂದು ಮೀನಿನ ತುಂಡು. ಬೈಗುಳ ಬರಲಿಲ್ಲ. ಅವನ ಕೈ ತಾನಾಗಿಯೇ ಮುಂದೆ ಹೋಯಿತು. ಮಗ ಅತ್ತ ತಿರುಗಿದ ಹೊತ್ತು ನೋಡಿ ಸೊಸೆಯ ತಟ್ಟೆಯಿಂದ ಆ ತುಂಡನ್ನು ಎತ್ತಿ ಪಾತ್ರೆಗೆ ಮರಳಿ ಹಾಕಿತು, ಮುಚ್ಚಳ ಮುಚ್ಚಿತು. ಬೆರಳಿಗೆ ಹತ್ತಿದ್ದ ಸಾರನ್ನು ನಿಧಾನವಾಗಿ ನೆಕ್ಕಿ, ಜೇನು ಸುರಿಯುವ ದನಿಯಲ್ಲಿ ಅವನೆಂದ:

"ತಿನ್ನು ಮಗಳೇ. ಹೊಟ್ಟೆ ತುಂಬ ತಿನ್ನು."

ಮೈದಾನದ ಸದ್ದು ನಿಂತಿತು. ಹ್ಯೂಬರ್ಟ್ ಮಾತು ಮರೆತು ಬರಿದಾದ ತಟ್ಟೆಯನ್ನೇ ನೋಡಿದ; ಅವನಿಗೆ ನಿಜವಾಗಿಯೂ ಕಣ್ಣೀರು ಬಂತು. ಆಮೇಲೆ ಹೆಂಗಸರ ಬೆಂಚುಗಳಿಂದ ಗುಜುಗುಜು ಎದ್ದಿತು. ಮುಂದೆ ಕುಳಿತಿದ್ದ ಮುದುಕಿಯೊಬ್ಬಳು ಎದ್ದು ನಿಂತು, ಸೈತಾನಳೇ, ನಿನಗೆ ಗತಿಯಾಗಲಾರದು ಎಂದು ಶಾಪ ಹಾಕಿದಳು. ಅಲ್ಲಿಂದ ಮುಂದೆ ಅತ್ತೆ ಬಂದಾಗಲೆಲ್ಲ ಜನ ಉಸಿರು ಬಿಗಿಹಿಡಿದರು, ಹೋದಾಗಲೆಲ್ಲ ಉಗಿದರು. ವಿಲ್ಲಿಗೆ ಏನು ನಡೆಯುತ್ತಿದೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹತ್ತು ವರ್ಷ ಅತ್ತು ಕರೆದು ಸಿಗದ ಮೌನ ಅದು. ನಾಟಕ ಮುಗಿದು ಮಾಸ್ಟ್ರು ಅವನ ಹೆಗಲು ಹಿಡಿದು ಅಲುಗಾಡಿಸಿ, ಇನ್ನು ಮೇಲೆ ನಿನಗೆ ಸೊಸೆ ಪಾತ್ರ ಇಲ್ಲ ಎಂದರು. ಆ ಮಾತು ಶನಿವಾರ ಕೊಯ್ದಿತ್ತು, ಈಗ ಸಿಹಿಯಾಯಿತು. ಅವನ ಕಣ್ಣು ಹೆಂಗಸರ ನಡುವೆ ಕ್ರಿಸ್ಟಿನಳನ್ನು ಹುಡುಕಿತು. ಎಲ್ಲರೂ ಎದ್ದು ಹೊರಟಿದ್ದರು, ಅವಳು ನಿದ್ದೆ ಹೋದ ಡಾಲಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇ ಇದ್ದಳು.

ಬೆಳಿಗ್ಗೆ ವಿಲ್ಲಿ ಎದ್ದಾಗ ಮೈಯೆಲ್ಲ ಹಗುರ. ಗಾಯಗಳೂ ಅಷ್ಟಾಗಿ ಉರಿಯುತ್ತಿರಲಿಲ್ಲ. ಜಗಲಿಯಲ್ಲಿ ಕನ್ನಡಿ ಸಿಕ್ಕಿಸಿ, ಅಪ್ಪನ ಕಾಲದ ಮುದಿ ರೇಜರನ್ನೇ ಕೈಗೆ ತೆಗೆದುಕೊಂಡು, ಬಾಯಿಯಲ್ಲಿ ಹಾಡು ಗುನುಗುತ್ತ ನೊರೆ ಹಚ್ಚಿದ. ಕ್ರಿಸ್ಟಿನ ಬಿಸಿನೀರು ತಂದಿಟ್ಟಳು. ಹಿಂದಿನ ರಾತ್ರಿ ಮನೆಗೆ ಬರುವ ದಾರಿಯಲ್ಲೂ ಅವಳು ಮಾತಾಡಿರಲಿಲ್ಲ. ದಣಿದಿರಬೇಕು ಎಂದು ಅವನೂ ಸುಮ್ಮನಿದ್ದ. ಈಗ ತಡೆಯಲಾಗಲಿಲ್ಲ. ನಿನ್ನೆ ಹೇಗಿತ್ತು, ನೀನೊಬ್ಬಳು ಏನೂ ಹೇಳಲಿಲ್ಲವಲ್ಲ ಎಂದ.

"ಒಳ್ಳೇದಿತ್ತು" ಎಂದಳು ಕ್ರಿಸ್ಟಿನ. ಹೋಗಲು ತಿರುಗಿದವಳು ನಿಂತಳು. "ಆ ಮೀನಿನ ತುಂಡು ತೆಗೆದು ಹಾಕಿದ್ದು. ಅದು ಮಾಸ್ಟ್ರು ಬರೆದದ್ದಾ?"

"ಅಲ್ಲ. ಅದು ನಂದೇ" ಎಂದ ವಿಲ್ಲಿ. ಕನ್ನಡಿಯಲ್ಲಿ ಅವನ ಮುಖ ಅರಳಿತು. "ಅಲ್ಲಿಯೇ ಹೊಳೀತು. ಬೆರಳು ನೆಕ್ಕಿದ್ದೂ ನಂದೇ."

ಕ್ರಿಸ್ಟಿನ ಕಂಬಕ್ಕೆ ಕೈ ಕೊಟ್ಟು ನಿಂತಳು. ಅವಳು ದನಿ ಎತ್ತಲಿಲ್ಲ.

"ಡಾಲಿ ಹೊಟ್ಟೆಯಲ್ಲಿದ್ದಾಗ ನಾನು ನಿಮಗೆ ಹೇಳಿದ್ದೆ, ನಿಮ್ಮಮ್ಮ ನನ್ನ ತಟ್ಟೆಯಿಂದ ಮೀನು ತೆಗೀತಾರೆ ಅಂತ. ನೀವು ಪಕ್ಕದಲ್ಲೇ ಕೂತು ಊಟ ಮಾಡ್ತಾ ಇದ್ರಿ. ನಾನು ನೋಡ್ಲಿಲ್ಲ, ನಿನಗೆ ಹಾಗೆ ತೋರುವುದು, ಬಸುರಿಯರಿಗೆ ಏನೇನೋ ತೋರ್ತದೆ ಅಂದ್ರಿ. ಇರಬಹುದು, ಇವರು ನೋಡಿರ್ಲಿಕ್ಕಿಲ್ಲ ಅಂತ ನಾನೂ ನಂಬಿದೆ. ಇಷ್ಟು ವರ್ಷ ಅದನ್ನು ನಂಬಿಯೇ ಈ ಮನೆಯಲ್ಲಿ ಇದ್ದೆ."

ಅದು ಹಾಗಲ್ಲ ಎಂದು ವಿಲ್ಲಿ ಏನೋ ಹೇಳಹೊರಟ. ನೀನು ಅವತ್ತು ಹೇಳಿದ್ದು ಎಲ್ಲೋ ಮನಸ್ಸಿನಲ್ಲಿ ಉಳಿದಿರಬೇಕು, ಅದೇ ಸ್ಟೇಜಿನಲ್ಲಿ ಬಂತು ಎಂದ. ಒಳ್ಳೆಯ ಉತ್ತರವೇ ಸಿಕ್ಕಿತು ಎಂದು ಅವನಿಗೆ ಒಂದು ಗಳಿಗೆ ಸಮಾಧಾನವೂ ಆಯಿತು.

"ಮೀನು ತೆಗೆದದ್ದು ಹೇಳಿದ್ದೆ" ಎಂದಳು ಕ್ರಿಸ್ಟಿನ. "ಬೆರಳು ನೆಕ್ಕಿದ್ದನ್ನು ನಾನು ಯಾರಿಗೂ ಹೇಳಿರ್ಲಿಲ್ಲ."

ಅವಳು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆ ಇಟ್ಟ ಸದ್ದು ಕೇಳಿಸಿತು. ವಿಲ್ಲಿ ರೇಜರು ಹಿಡಿದುಕೊಂಡು ಕನ್ನಡಿಯ ಎದುರು ನಿಂತೇ ಇದ್ದ. ತಂದಿಟ್ಟ ನೀರು ತಣ್ಣಗಾಯಿತು, ಮುಖದ ಮೇಲಿನ ನೊರೆ ಒಣಗಿತು.